ಸೀನಿನೊಳಗೊಂದು ಸೀನು

ಡಿಸೆಂಬರಿನ ಎರಡನೇ ಶನಿವಾರ, ಕೋಲ್‌ಫರ್ಡಿನಲ್ಲಿ
ನಾಲ್ಕಕ್ಕೇ ಕತ್ತಲು.
ಚರ್ಚಿನ ಹಿಂದಿನ ಭವನದಲ್ಲಿ ಮಡಿಸುವ ಕುರ್ಚಿ ನೂರಿಪ್ಪತ್ತು.
ಟಿಕೆಟ್ ಹರಿಯುವವಳು ನಾನು,
ಚಹಾ ಕಾಸುವವಳೂ ನಾನೇ.
ಪ್ರತಿವರ್ಷ ಅದೇ ಸಿನಿಮಾ:
ಅರವತ್ತೆರಡರಲ್ಲಿ ಇದೇ ಊರಿನ ಕಾಡಿನಲ್ಲಿ ತೆಗೆದದ್ದು,
ಪಾಚಿಯ ಕೋಟು, ಅಣಬೆಯ ಟೋಪಿಯ
ಕುಳ್ಳಜ್ಜಂದಿರ ಕಥೆ.

ಕಥೆ ಏನು ಮಹಾ?
ಗರಗಸ ಹೊತ್ತು ಕಂಪನಿಯವರು ಬರುತ್ತಾರೆ.
ಕುಳ್ಳಜ್ಜಂದಿರು ರಾತ್ರೋರಾತ್ರಿ
ಅವರ ಬೂಟಿನ ದಾರಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕುತ್ತಾರೆ.
ಮಾತಾಡುವ ಅಳಿಲಿನ ದವಡೆಗೆ ಕಟ್ಟಿದ ನೂಲು
ಕೊನೆಯ ಸಾಲಿನವರಿಗೂ ಕಾಣುತ್ತದೆ.
ಗೂಬೆ ಹಾರುವಾಗ ಯಾರದೋ ಮೊಣಕೈ
ಚಂದ್ರನ ಪಕ್ಕ ಬಂದು ಹೋಗುತ್ತದೆ.
ಯಾರಿಗೂ ಬೇಸರವಿಲ್ಲ. ಮೊಣಕೈಗೂ ಚಪ್ಪಾಳೆ.

ಆದರೆ ಊರು ಕಾಯುವುದು ಅದಕ್ಕಲ್ಲ.
ಮುದಿ ಓಕ್ ಮರ ಉರುಳುತ್ತದೆ, ರಾಜ ಟೋಪಿ ತೆಗೆಯುತ್ತಾನೆ,
ಕಾಡಿಗೆ ಕಾಡೇ ಉಸಿರು ಬಿಗಿಹಿಡಿದ ಆ ಸೀನಿನಲ್ಲಿ
ಎಡದಿಂದ ಮೂರನೆಯ ಕುಳ್ಳಜ್ಜ
ಮೂಗು ಹಿಂಡುತ್ತಾನೆ, ಕಣ್ಣು ಕಿರಿದು ಮಾಡುತ್ತಾನೆ,
ಆಮೇಲೆ
ಆಕ್ಷೀ!
ಗಡ್ಡ ಹಾರಿ ರಾಜನ ಕಿವಿಗೆ ಜೋತುಬೀಳುತ್ತದೆ.

ಅವನು ನಮ್ಮ ಮರ್ವಿನ್. ಆಗ ಏಳು ವರ್ಷ.
ಮೇಕೆ ಕೂದಲ ಗಡ್ಡ, ಮರದಂಟು, ಮೇಲೆ ಜುಲೈ ತಿಂಗಳ ಹುಲ್ಲಿನ ಪರಾಗ.
"ಎರಡನೇ ಟೇಕಿಗೆ ರೀಲು ಉಳಿದಿರಲಿಲ್ಲ ಕಣಮ್ಮ,
ದುಡ್ಡೂ" ಅನ್ನುತ್ತಾನೆ,
ಎಂಬತ್ತು ಸಲ ಹೇಳಿದ್ದನ್ನೇ ಎಂಬತ್ತೊಂದನೇ ಸಲ,
ಸೈಕಲ್ ಟ್ಯೂಬನ್ನು ನೀರಿಗದ್ದಿ ಗುಳ್ಳೆ ಹುಡುಕುತ್ತಾ.

ನಮ್ಮ ಕಡೆ ಒಂಟಿ ಸೀನು ಅಪಶಕುನ,
ಹೊರಟವರು ಕೂತು ನೀರು ಕುಡಿದು ಹೋಗಬೇಕು.
ಇಲ್ಲಿ ಅದೇ ಹಬ್ಬ: ನೂರಿಪ್ಪತ್ತು ಮೂಗು
ಅವನ ಜೊತೆ ಒಟ್ಟಿಗೆ ಸೀನುತ್ತವೆ,
ಪಾದ್ರಿಯ ಮೂಗೂ ಸೇರಿ.
ಬಿಸ್ಕತ್ತಿನ ಪುಡಿ ಮುಂದಿನ ಸಾಲಿನ ತಲೆಗಳ ಮೇಲೆ.

ಈ ಸಲ ಲಂಡನ್ನಿನಿಂದ ಹೊಸ ಪ್ರತಿ ಬಂತು.
ತೊಳೆದದ್ದು, ಗೀರು ತೆಗೆದದ್ದು, ಬಣ್ಣ ತಿದ್ದಿದ್ದು.
ಅಳಿಲಿಗೆ ನೂಲಿಲ್ಲ. ಚಂದ್ರನಿಗೆ ಮೊಣಕೈ ಇಲ್ಲ.
ಮಕ್ಕಳು ಕುರ್ಚಿಯಲ್ಲಿ ಮಿಸುಕಾಡಿದವು.
ಮರ ಉರುಳಿತು. ರಾಜ ಟೋಪಿ ತೆಗೆದ.
ನೂರಿಪ್ಪತ್ತು ಮೂಗು ಸಜ್ಜಾದವು.
ಎಡದಿಂದ ಮೂರನೆಯವನು ಮೂಗು ಹಿಂಡಿದ,
ಅಷ್ಟೇ, ಬೆಳಗಾಯಿತು. ಹಕ್ಕಿಗಳು.
ಸೀನು ಉಳಿದಿತ್ತು, ಸೀನು ಹೋಗಿತ್ತು.

ಪ್ರೊಜೆಕ್ಟರಿನ ಫ್ಯಾನು ಮಾತ್ರ ಗುಂಯ್ ಅನ್ನುತ್ತಿತ್ತು.
ಆಗ ನಾಲ್ಕನೇ ಸಾಲಿನ ತುದಿಯಿಂದ
ಎಪ್ಪತ್ತರ ಎದೆಯ ತಳದಿಂದ
ಕೋಟಿನ ಗುಂಡಿ ಕಿತ್ತುಬರುವಂತೆ
ಆಕ್ಷೀ!
ಕಟ್ಟಿಸಿದ ಹಲ್ಲು ಹಾರಿ ಪಾದ್ರಿಯ ಮಡಿಲಿಗೆ.

ಬಾಗಿಲಲ್ಲಿ ನಿಂತಿದ್ದ ನಾನು, ಬಾಯಿತಪ್ಪಿ,
ನಮ್ಮವ್ವನ ದನಿಯಲ್ಲೇ, "ನೂರು ವರ್ಷ!" ಅಂದೆ.
ಅರ್ಥ ಯಾರೂ ಕೇಳಲಿಲ್ಲ.
ಸಿನಿಮಾ ಮುಗಿದದ್ದು ಯಾರೂ ನೋಡಲೂ ಇಲ್ಲ.

ಕುರ್ಚಿ ಮಡಿಸುವಾಗ ಕೇಳಿದೆ: ನಿಜವೋ ನಟನೆಯೋ?
ಹಲ್ಲು ಒರೆಸಿಕೊಳ್ಳುತ್ತಾ, "ಮೇಕೆ ಕೂದಲು" ಅಂದ,
"ಇನ್ನೂ ಮೂಗಿನಲ್ಲೇ ಇದೆ."

ಲಂಡನ್ನಿನ ಪೆಟ್ಟಿಗೆ ತಂದ ಹುಡುಗ
ಎದ್ದವನೇ ಮುಗ್ಗರಿಸಿ ಬಿದ್ದ.
ಎರಡೂ ಬೂಟಿನ ದಾರ ಒಂದಕ್ಕೊಂದು ಬಿಗಿದಿತ್ತು.
ಮಕ್ಕಳ ಕೆಲಸ ಅಂದರು ಎಲ್ಲರೂ.
ಇರಬಹುದು.
ಗಂಟು ಮಾತ್ರ ಹಳೇ ಕಾಲದ್ದು.