ಸತ್ತವರಲ್ಲಿ ಮಾಡಿದ ಸಾಲ

ಕಯಾನಿಯಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ದಿನ
ಮಧ್ಯಾಹ್ನ ಮೂರಕ್ಕೇ ಇರುಳು.
ಊರಿಗೆ ಊರೇ ಕೈಯಲ್ಲೊಂದು ದೀಪ ಹಿಡಿದು
ಗೋರಿಗಳ ಕಡೆ ನಡೆಯುತ್ತದೆ.
ಮಾತಿಲ್ಲ, ಬೂಟಿನಡಿ ಹಿಮದ ಕಿರುಗುಟ್ಟು ಅಷ್ಟೆ.
ಕಲ್ಲಿನ ಬುಡಕ್ಕೊಂದು ಉರಿ.
ದೂರದಿಂದ ನೋಡಿದರೆ
ನೆಲದಡಿ ಯಾರೋ ಒಲೆ ಹಚ್ಚಿಕೊಂಡು
ಅಡುಗೆಗೆ ಕೂತ ಹಾಗೆ.

ನನಗಾಗ ಆರು. ಅಣ್ಣ ತೌನೊಗೆ ಹನ್ನೊಂದು.
ಆ ವರ್ಷ ಅಪ್ಪ ಕಾಗದದ ಗಿರಣಿಯ ಸಂಬಳವನ್ನೂ
ತನ್ನನ್ನೂ ಎಲ್ಲೋ ಕಳೆದುಕೊಂಡಿದ್ದ.
ಕರೆಂಟಿನವರು ಬಂದು ತಂತಿ ಬಿಡಿಸಿಕೊಂಡು ಹೋಗಿದ್ದರು.
ಅಮ್ಮ ಕತ್ತಲಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದಳು,
ಸಿಪ್ಪೆ ಎಲ್ಲಿ ಮುಗಿದು ಬೆರಳು ಎಲ್ಲಿ ಶುರುವೆಂದು ತಿಳಿಯದೆ.
ಅಣ್ಣ ಹೊರಗೆ ಹೋದ.
ಬಂದಾಗ ಕೋಟಿನ ತುಂಬ ಆರಿದ ದೀಪ.
ಹದಿಮೂರು. ಎಣಿಸಿದವಳು ನಾನೇ.

ಎಲ್ಲಿಂದ ಎಂದು ಅಮ್ಮ ಕೇಳಲಿಲ್ಲ.
ಕೇಳದೆ ಇರಲು ಅವಳಿಗೆಷ್ಟು ಹೊತ್ತು ಹಿಡಿಯಿತೆಂಬುದು ನೆನಪಿದೆ:
ಚಾಕು ಕೆಳಗಿಟ್ಟಳು, ತೊಳೆದ ಕೈ ಮತ್ತೆ ತೊಳೆದಳು,
ಮೇಜಿನ ಮೇಲೆ ಒಂದೊಂದಾಗಿ ಸಾಲು ಹೂಡಿದಳು.
ಒಂದರ ತಳಕ್ಕೆ ಇನ್ನೂ ಹಿಮ ಅಂಟಿತ್ತು.
ಆ ಬೆಳಕಲ್ಲಿ ಉಂಡ ಅಕ್ಕಿಗಂಜಿಯಲ್ಲಿ
ಅದೃಷ್ಟದ ಬಾದಾಮಿ ಇರಲಿಲ್ಲ,
ಆದರೂ ಅಂಥದ್ದನ್ನು ಮತ್ತೆ ಉಂಡಿಲ್ಲ ನಾನು.
ನಾಚಿಕೆ ಬಂದದ್ದು ಎಷ್ಟೋ ವರ್ಷದ ಮೇಲೆ.
ರುಚಿ ಮೊದಲೇ ಬಂದು ಕೂತಿತ್ತು.

ಅಣ್ಣ ಈಗ ಪುರಸಭೆಯ ಹಿಮ ಬಳಿಯುವ ಗಾಡಿ ಓಡಿಸುತ್ತಾನೆ.
ಆ ದಿನ ನಾಲ್ಕಕ್ಕೇ ಎದ್ದು, ಊರು ಕಣ್ಣು ಬಿಡುವ ಮೊದಲು
ಗೋರಿದಾರಿಯನ್ನೆಲ್ಲ ಹಸನು ಮಾಡುತ್ತಾನೆ.
ಅವನ ಪಾಳಿಯಲ್ಲ ಅದು. ಯಾರೂ ಹೇಳಿದ್ದಲ್ಲ.
ರಾತ್ರಿ ಜನ ಕರಗಿದ ಮೇಲೆ ಮತ್ತೆ ಹೋಗಿ ಹದಿಮೂರು ದೀಪ ಇಡುತ್ತಾನೆ:
ಔಕುಸ್ತಿ ಪೆಲ್ಕೊನೆನ್‌ಗೊಂದು, ಅವನ ಹೆಂಡತಿಗೊಂದು,
ಹೆಸರು ಸವೆದುಹೋದ ಕೂಸಿಗೊಂದು.
ಯಾವ ಕಲ್ಲಿನದು ಕಿತ್ತದ್ದೆಂದು ಎಲ್ಲ ಬಾಯಿಪಾಠ.

ನಾನು ಔಲುವಿನಿಂದ ಹಣ ಕಳಿಸುತ್ತಿದ್ದೆ,
'ನನ್ನ ಪಾಲಿನದು' ಎಂದು ಚೀಟಿ ಇಟ್ಟು.
ಹಾಗೇ ವಾಪಸು ಬರುತ್ತಿತ್ತು.
'ಕದ್ದವನು ನಾನು. ನಿನ್ನದನ್ನು ನೀನೇ ಹುಡುಕಿಕೊ.'
ಸಿಟ್ಟು ಬಂತು. ಎಂಟು ವರ್ಷ ಜೋಪಾನ ಮಾಡಿದೆ ಅದನ್ನು,
ಬೆಳ್ಳಿ ಚಮಚದ ಹಾಗೆ, ಒರೆಸಿ ಒರೆಸಿ.

ಹೋದ ಡಿಸೆಂಬರಿನಲ್ಲಿ ಅವನ ಮಂಡಿ ಕೈಕೊಟ್ಟಿತು.
ಓಡಿಸಬಲ್ಲ, ಬಗ್ಗಲಾರ.
ದೀಪ ಇಡಲು ನನ್ನ ಸೊಂಟ ಬೇಕಾಯಿತು, ಹೋದೆ.
ಗಾಡಿಯ ಬೆಳಕಿನ ತುದಿಗೆ ಸಿಕ್ಕಳು ಒಬ್ಬಳು ಹುಡುಗಿ,
ಉಣ್ಣೆಟೋಪಿ, ಒಂದೇ ಕೈಗವಸು,
ಜಾಕೆಟ್ಟಿನೊಳಗೆ ಏನೋ ಉಬ್ಬಿತ್ತು.
ಅಣ್ಣ ಎಂಜಿನ್ ನಿಲ್ಲಿಸಿದ. ದೀಪವನ್ನೂ ಆರಿಸಿದ.
ಅವಳು ಓಡುವಷ್ಟು ಕತ್ತಲು ಕೊಟ್ಟು
ಸುಮ್ಮನೆ ಕೂತ.
ಆಮೇಲೆ, 'ನಾಲ್ಕನೇ ಸಾಲು, ಮೂರನೇ ಕಲ್ಲು,' ಎಂದ.

ಇಳಿದೆ. ಹಿಮದಲ್ಲಿ ದುಂಡನೆಯ ಗುಳಿ, ಇನ್ನೂ ಬೆಚ್ಚಗೆ.
ಪೆಟ್ರೋಲ್ ಬಂಕಿನಲ್ಲಿ ಕೊಂಡಿದ್ದ ನನ್ನದೇ ದೀಪವನ್ನು
ಅಲ್ಲಿಟ್ಟು ಕಡ್ಡಿ ಗೀರುವಾಗ
ಕೈ ನಿಂತಿತು.

ಆ ರಾತ್ರಿ ನಮ್ಮ ಮನೆಯಲ್ಲಿ ಕಡ್ಡಿಯೂ ಇರಲಿಲ್ಲ.
ಪಕ್ಕದ ಲ್ಯೂಲಿಯ ಬಾಗಿಲು ತಟ್ಟಲು ಕಳಿಸಿದ್ದು ನನ್ನನ್ನೇ.
ಯಾಕೆ ಅಂತ ಕೇಳದೆ ಇಡೀ ಪೊಟ್ಟಣ ಕೊಟ್ಟಿದ್ದಳು,
'ಬೆಳಿಗ್ಗೆ ತಂದುಕೊಡು, ಮರೀಬೇಡ' ಎಂದು.
ಮರೆತಿದ್ದೆ.
ಐವತ್ತು ವರ್ಷ.

ಹುಡುಗಿಯ ಹೆಜ್ಜೆ ಬೇಲಿಯವರೆಗೆ ಹೋಗಿ
ಆಚೆಯ ಬೀದಿಯಲ್ಲಿ ಕಲಸಿಹೋಗಿತ್ತು.
ಬೇಲಿಗಂಬದ ಮೇಲೆ ಬೆಂಕಿಪೊಟ್ಟಣ ಇಟ್ಟು ಬಂದೆ.
ಇಡುವ ಮುಂಚೆ ಎಣಿಸಿದೆ, ಹಳೇ ಚಟ: ಮೂವತ್ತೊಂದು.
ಅಣ್ಣ ನೋಡಿದ. ಏನೂ ಹೇಳಲಿಲ್ಲ.
ಫ್ಲಾಸ್ಕಿನ ಕಾಫಿಯಲ್ಲಿ ಮೊದಲ ಗುಟುಕು ನನಗೆ ಕೊಟ್ಟ.

ಬೆಳಿಗ್ಗೆ ಪೊಟ್ಟಣ ಅಲ್ಲೇ ಇತ್ತು,
ಮುಚ್ಚಳ ಸರಿಯಾಗಿ ದೂಡಿ ಇಟ್ಟಿತ್ತು.
ಎರಡು ಕಡ್ಡಿ ಕಮ್ಮಿ.
ಒಂದು ಗಾಳಿಗೆ ಹೋಗಿರಬೇಕು.