ಇಂಚಿಗೆ ಎಷ್ಟ ಎಳಿ

ನವಿ ಪೇಠದಾಗ ಅಂಬಾದಾಸನ ಅಂಗಡಿ ಗ್ವಾಡಿಗೆ
ಏಳು ಪರದೆ ತೂಗಿದ್ದವು,
ಏಳರಾಗೂ ಅದೇ ಒಂದು ಗಿಳಿ.
ನಾ ಗಿಳಿ ನೋಡಲಿಲ್ಲ.
ಮೂಗು ಹತ್ತುವಷ್ಟು ಸನೇಕ ಹೋಗಿ
ಅದರ ರೆಕ್ಕಿ ಅಂಚು ನೋಡಿದೆ,
ಮೆಟ್ಟಿಲ ಕಾಣತಾವೇನು ಅಂತ.

ಇಪ್ಪತ್ತಾರು ವರ್ಷ ಗ್ರಾಫ್ ಕಾಗದದ ಮ್ಯಾಲೆ
ಸೊಲ್ಲಾಪುರದ ಚಾದರಕ್ಕ ನವಿಲು ಬರದಾಕಿ ನಾನು.
ಒಂದು ಮನಿ ತುಂಬಿದರ ಒಂದು ಎಳಿ ಮ್ಯಾಲೆ,
ಖಾಲಿ ಬಿಟ್ಟರ ಕೆಳಗ.
ನವಿಲಿನ ಕುತ್ತಿಗಿ ಎಲ್ಲೂ ದುಂಡಗಿಲ್ಲ,
ಮೆಟ್ಟಿಲಾ ಅದು; ದೂರ ನಿಂತಾವರಿಗೆ ದುಂಡಗ.
ಇದಕ್ಕ ಅಂಬಾದಾಸ ಪಿಕ್ಸೆಲ್ ಅಂತಾನ.
ಅನ್ನಲಿ.

"ಮೂವತ್ತೆರಡು ಇಂಚಿಂದು ಒಯ್ರಿ ಇಂದೂಬಾಯಿ,
ಹಳೇ ಮಷೀನಿಗೆ ಭಾರ ಬೀಳೂದಿಲ್ಲ,
ಎಳಿ ಅಷ್ಟ, ಅಗಲ ಜಾಸ್ತಿ."
ಅವ ಎಳಿ ಅನ್ನಲಿಲ್ಲ, ನನಗ ಹಂಗ ಕೇಳಿಸ್ತು.
ಅಷ್ಟ ಎಳಿ ಅಗಲ ಜಗ್ಗಿದರ ಜಾಳಾಗೂದಿಲ್ಲೇನೊ ತಮ್ಮಾ?
ಅಂಥಾ ಚಾದರ ಒಮ್ಮೆ ನಮ್ಮ ಮಾವ ನೇಯ್ದಿದ್ದ.
ಹೊದ್ದು ಮಲಗಿದ ವಾರಕರಿ ಒಬ್ಬ ಮುಂಜಾನೆ ಬಂದು
"ರಾತ್ರಿ ಎಲ್ಲಾ ಒಳಗಿಂದ ಚುಕ್ಕಿ ಎಣಿಸಿದೆ" ಅಂದ.

ಇನ್ನೊಂದು, ಇಪ್ಪತ್ತೇಳು ಇಂಚು, ಬಿಗಿ ನೇಯ್ಗಿ.
ಆದರ ಅಷ್ಟು ಎಳಿ ಎತ್ತಾಕ
ಮನ್ಯಾಗಿನ ಡಬ್ಬಿಗೆ ತ್ರಾಣ ಎಲ್ಲೈತಿ?
ಕನ್ನಾ ಚೌಕಿನ ಗೇಮಿಂಗ್ ಕೆಫೆ ಮುಚ್ಚಿದಾಗ
ಒಂಬತ್ತು ಸಾವಿರಕ್ಕ ತಂದದ್ದು.
ಪಕ್ಕದಾಗ ಕೆಂಪು ದೀಪ, ಒಳಗ ಫ್ಯಾನು
ಸವದ ಲಾಳಿಗತೆ ಕಟಕಟ.
ಡಿಸೈನ್ ಮಾಡಾಕಂತ ತಂದೆ ಖರೆ,
ಒಳಗ ಯಾವದೋ ಹುಡುಗ ಬಿಟ್ಟು ಹೋದ
ಒಂದು ಲಾರಿ ಇತ್ತು.

ಸ್ಕೂಟಿ ಸುದ್ದಾ ಹೊಡದಾಕಿ ಅಲ್ಲ ನಾ.
ಈಗ ದಿನಾ ರಾತ್ರಿ ಹತ್ತರ ಮ್ಯಾಲೆ
ಹದಿನೆಂಟು ಟನ್ ಮೀನ ಹೇರಿಕೊಂಡು
ಹಿಮದ ದೇಶದಾಗ ಹೋಗತೀನಿ.
ರಸ್ತಾದ ಬೋರ್ಡು ಮಾತ್ರ ಸಾಸಿವಿ ಕಾಳು,
ಕಣ್ಣು ಕಿರಿದು ಮಾಡಿ ಓದೂದರಾಗ
ತಿರುವು ಹಿಂದ ಬಿದ್ದಿರತೈತಿ.
ಐವತ್ತಮೂರು ನನಗ. ಮೀನ ಎಷ್ಟು ಸಲ ಕೊಳತಾವೋ.

ರೇವಣಸಿದ್ಧ, ನನ್ನ ಗಂಡ, ಟೇಪು ಹಿಡದು ಕುಂತ.
ಇಂಚು ಅಂದರ ಮೂಲಿಯಿಂದ ಮೂಲಿಗಂತ, ಓರೆ!
"ಬಟ್ಟಿ ಓರೆ ಅಳದು ಮಾರಿದ್ದರ
ನಮ್ಮ ಪ್ಯಾಟ್ಯಾಗ ಕಾಲು ಮುರೀತಿದ್ದರು" ಅಂದ,
ಅಂದು, ಮರಾಠಿ ಪೇಪರು ಅಷ್ಟಗಲ ಕತ್ತರಿಸಿ
ಹಳೇ ಪರದೆ ಹಿಂದ ಗ್ವಾಡಿಗೆ ಹಚ್ಚಿದ, ರೂಢಿ ಆಗಲಿ ಅಂತ.
ನಾಕು ರಾತ್ರಿ ನನ್ನ ಹಿಮದ ರಸ್ತಾದ ಎಡಕ್ಕ
ಸಕ್ಕರಿ ಕಾರಖಾನೆ ಟೆಂಡರು,
ಬಲಕ್ಕ ವಧು ಬೇಕಾದ ಒಬ್ಬಾತನ ಅರ್ಧ ಮುಖ.

ಐದನೇ ದಿನ ಮತ್ತ ಅಂಗಡಿಗೆ ಹೋದೆ.
ಬಿಳಿ ತೋರ್ಸು ಅಂದೆ. ಪೂರಾ ಬಿಳಿ.
ಬಲಗಡೆ ತಳದಾಗ ಒಂದು ಮನಿ
ತುಂಬಿಲ್ಲ.
ಅಂಬಾದಾಸ ಕನ್ನಡಕ ಒರಸಿ ನೋಡಿದ,
ಬಟ್ಟಿಲೆ ಪರದೆ ಒರಸಿ ನೋಡಿದ,
ಅವನ ಹುಡುಗ ಮೊಬೈಲಿನ ದೀಪ ಹಿಡದ.
ಎಳಿ ತಪ್ಪಿದ ಚಾದರ ನಾವೂ ಮಾರತೀವಿ, ತಮ್ಮಾ,
ಬೆಚ್ಚಗಂತೂ ಇರತೈತಿ, ರೇಟು ಬ್ಯಾರೆ.
ಹದಿನಾರೂವರೆ ಸಾವಿರದ್ದು ಹನ್ನೆರಡಕ್ಕ ಇಳೀತು.

ಮನ್ಯಾಗ ಡಬ್ಬಿ ಏದುಸಿರು ಬಿಟ್ಟಿತು.
ನೆರಳು ತಗದೆ. ಹುಲ್ಲು ತಗದೆ.
ಕನ್ನಡಿಯಾಗಿನ ಹಿಂದಿನ ಗಾಡಿಗೋಳ ತಗದೆ.
ಸೆಕೆಂಡಿಗೆ ಮೂವತ್ತು ಚಿತ್ರ ಒಗಿತೈತಿ ಈಗ;
ನಮ್ಮ ಮಗ್ಗದಾಗ ಲಾಳಿ ಸೆಕೆಂಡಿಗೆ ಎರಡ ಸಲ,
ಅದರಾಗ ಮೂರು ಮಂದಿ ಲಗ್ನ ಆಗ್ಯಾವ.

ಸತ್ತ ಚುಕ್ಕಿ ಡೀಸೆಲ್ ಮುಳ್ಳಿನ ಬಾಜೂಕ ಕುಂತೈತಿ.
ಗಿಡ ಇಲ್ಲ, ನೆರಳಿಲ್ಲ, ಬೋಳು ಬೆಳ್ಳನ ನಾಡು,
ನಡುವ ಬೋರ್ಡು ಒಂದು,
ಹೆಸರು ನಾಲಿಗಿಗೆ ಬರೂದಿಲ್ಲ, ಕಣ್ಣಿಗೆ ಬಂತು.
ಇಂಡಿಕೇಟರು ಹಾಕಿದೆ.
ಹಾಸಿಗಿಯಾಗಿಂದ ರೇವಣಸಿದ್ಧ:
"ಮೀನ ಮುಟ್ಟಿದವೇನು?"
ತಡಿ, ಅಂದೆ, ತಿರುಗಾಕ ಹತ್ತೀನಿ.