ಯಾರ ಹೆಸರಿಗೆ ಬಿಲ್ಲು

ಚೀಟಿ ಎತ್ತಿದ ದುಡ್ಡು, ಮೂವತ್ತೆರಡು ಸಾವಿರ.
ಯಾರೋ ಬಿಟ್ಟುಹೋದ ರಿಪೋರ್ಟು, ಹಿಮೋಗ್ಲೋಬಿನ್ ಹನ್ನೊಂದು,
ಅದರ ಬೆನ್ನಿಗೆ ನನ್ನ ಅಕ್ಷರ:
ರ‍್ಯಾಮ್ ಎಂಟಕ್ಕೆ ಕಮ್ಮಿ ಬೇಡ.
ಗ್ರಾಫಿಕ್ಸ್ ಕಾರ್ಡು ಬೇರೆ ಇದ್ದರೆ ಸೈ, ಇಲ್ಲದಿದ್ದರೂ ಸಣ್ಣ ಆಟಕ್ಕೆ ನಡೆಯುತ್ತೆ.
ಫ್ಯಾನಿನ ಸದ್ದು ಕಿವಿಗೊಟ್ಟು ಕೇಳು.
ಹೇಳಿಕೊಟ್ಟವನು ಎಕ್ಸ್‌ರೇ ರೂಮಿನ ಇಮ್ತಿಯಾಜ್.
ಯಾರಿಗೆ ಅಂತ ಅವನು ಕೇಳಲಿಲ್ಲ,
ಎಲುಬು ಬಿಟ್ಟು ಬೇರೇನೂ ನೋಡುವವನಲ್ಲ.

ನೆಹರೂ ರೋಡಿನ ಅಂಗಡಿ ಕೇಳಿತು:
"ಮಗನಿಗಾ ಮೇಡಂ?"
ಗಾಜಿನ ಬಾಗಿಲಲ್ಲಿ ನನ್ನನ್ನೇ ಕಂಡೆ:
ವಯಸ್ಸು ನಲವತ್ಮೂರು, ಕೈಯಲ್ಲಿ ಟಿಫಿನ್ ಚೀಲ,
ರಾತ್ರಿ ಪಾಳಿ ಮುಗಿಸಿದ ಕಣ್ಣು.
ಹೂಂ ಎಂದೆ.
ಒಂದು ಹೂಂಗೆ ಏನು ಖರ್ಚು?

ದುರ್ಗಿಗುಡಿಯ ಅಂಗಡಿಯಲ್ಲಿ ಖರ್ಚು ಶುರುವಾಯಿತು.
"ಏನು ಓದ್ತಾನೆ?"
"ಸೆಕೆಂಡ್ ಪಿಯು. ಸೈನ್ಸು."
ಮದುವೆಯೇ ಆಗದ ನನ್ನ ಮಗನಿಗೆ
ಅಲ್ಲೇ ಕೌಂಟರಿನ ಮುಂದೆ ಮೀಸೆ ಮೂಡಿತು.
"ಹಂಗಾದ್ರೆ ಗೇಮ್ ಯಾಕೆ ಮೇಡಂ, ಹುಡುಗ್ರು ಹಾಳಾಗ್ತಾರೆ"
ಎಂದು ತೆಳ್ಳಗಿನ ಬೆಳ್ಳಿ ಬಣ್ಣದ್ದೊಂದು ತೆರೆದ.
ನಾಲ್ಕೇ ಜಿಬಿ. ಅದು ಎದ್ದು ಕೂರುವಷ್ಟರಲ್ಲಿ
ಟ್ಯೂಬಿನ ರಕ್ತ ಹೆಪ್ಪುಗಟ್ಟುತ್ತೆ.
"ಓದಿ ಓದಿ ಅವನ ತಲೆ ಕಾದಿರುತ್ತೆ ಕಣ್ರೀ,
ಸಂಜೆ ಒಂದು ಗಂಟೆ ಆಡಿದ್ರೆ ನಿಮಗೇನು?"
ಹೆತ್ತ ತಾಯಿಯೂ ಇಷ್ಟು ಜೋರಾಗಿ ವಾದಿಸಿರಲಾರಳು.
ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ.
ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಅಂತಲೂ ತಿಳಿಯಲಿಲ್ಲ.

ಸವಳಂಗ ರೋಡು, ಬೇಕರಿಯ ಮೇಲಿನ ಮಹಡಿ,
ಹಳೇ ಲ್ಯಾಪ್‌ಟಾಪ್‌ಗಳ ಹೊಟ್ಟೆ ಬಿಚ್ಚಿಟ್ಟುಕೊಂಡು
ಒಬ್ಬ ಹುಡುಗ, ಕೆಳಗಿನಿಂದ ಬನ್ನಿನ ವಾಸನೆ.
ಯಾರಿಗೆ ಅನ್ನಲಿಲ್ಲ. "ಯಾವ ಆಟ?" ಎಂದ.
ಮಗ ಮರೆತೇ ಹೋದ.
"ಕಾರು ರೇಸು. ತಿರುವಿನಲ್ಲಿ ಬ್ರೇಕು ಪೂರ್ತಿ ಒತ್ತದೆ ಜಾರಿಸಬೇಕು ನೋಡು, ಅದು.
ಬಿ.ಎಚ್. ರೋಡಿನ ಸೈಬರಿನಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ,
ಮೂರನೇ ಕಂಪ್ಯೂಟರು, ಹಳದಿ ಕಾರು,
ಲ್ಯಾಬ್ ಟ್ರೈನಿಂಗಿನ ಸ್ಟೈಪೆಂಡೆಲ್ಲ ಅದಕ್ಕೇ..."
ಸ್ಕ್ರೂಡ್ರೈವರು ನಿಂತಿತು.
"ಆ ಸೈಬರು ಮುಚ್ಚಿದಾಗ ನಾನಿನ್ನೂ ಅಂಗನವಾಡಿ" ಎಂದ, ಅಷ್ಟೆ.

ಯಾವುದೋ ಬ್ಯಾಂಕಿನಲ್ಲಿ ದುಡಿದು ಬಂದ ಕರೀ ಡಬ್ಬ,
ಮುಚ್ಚಳದ ಬಲಗಡೆ ಗೀರು, ಕೀಲು ಸ್ವಲ್ಪ ಸಡಿಲ,
ಆದರೆ ಎಂಟು ಜಿಬಿ, ಚಿಕ್ಕದೊಂದು ಕಾರ್ಡು ಸಹ.
"ಓಡಿಸಿ ನೋಡಿ."
ಮೊದಲ ಸಲ ಗೋಡೆಗೆ. ಎರಡನೇ ಸಲವೂ ಗೋಡೆಗೆ.
ಮೂರನೇ ಸಲ ಬೆರಳಿಗೆ ನೆನಪು ಬಂತು,
ನನಗೆ ಬರುವ ಮುಂಚೆ.

ಇಪ್ಪತ್ತೆಂಟಕ್ಕೆ ಕುದುರಿತು, ಮೌಸು ಬಿಟ್ಟಿ.
"ಬಿಲ್ಲು ಯಾರ ಹೆಸರಿಗೆ?"
ಬೆಳಿಗ್ಗೆ ಟ್ಯೂಬಿಗೆ ಅಂಟಿಸಿದ ಹೆಸರೊಂದು ನಾಲಿಗೆವರೆಗೆ ಬಂತು:
ಪ್ರಣೀತ, ಹದಿನೇಳು, ಬಿ ಪಾಸಿಟಿವ್, ಸೂಜಿಗೆ ಮುಖ ತಿರುಗಿಸಿಕೊಂಡವನು.
ನುಂಗಿದೆ.
"ಹಾಲಮ್ಮ" ಎಂದೆ, "ಜಿ. ಎಚ್."

ಈಗ ಪಾಳಿ ಇಲ್ಲದ ರಾತ್ರಿ ಚಪಾತಿ ಮಣೆಯ ಮೇಲೆ ಅದನ್ನಿಟ್ಟು,
ಗಾಳಿಯಾಡಲು ಕೆಳಗೆರಡು ಮುಚ್ಚಳ ಕೊಟ್ಟು, ಕೂರುತ್ತೇನೆ.
ಫ್ಯಾನು ರಕ್ತ ತಿರುಗಿಸುವ ಮೆಷೀನಿನ ಹಾಗೇ ಗುಂಯ್ ಅನ್ನುತ್ತೆ.
ಎರಡು ಸಲ ಅಭ್ಯಾಸಬಲದಿಂದ ಗಡಿಯಾರ ನೋಡಿದ್ದೇನೆ,
ಎಷ್ಟು ನಿಮಿಷಕ್ಕೆ ನಿಲ್ಲಿಸಬೇಕು ಅಂತ.

ಕೀಲು ಬಿಗಿ ಮಾಡಿಸಲು ಜೂನ್‌ನಲ್ಲಿ ಹೋದೆ.
ಕೆಳಗಿನ ಬೇಕರಿಯಲ್ಲಿ ದುರ್ಗಿಗುಡಿಯ ಅಂಗಡಿಯವನು ಸಿಕ್ಕಿದ, ಪಫ್ಸ್ ತಿನ್ನುತ್ತ:
"ಮಗಂದು ರಿಸಲ್ಟ್ ಏನಾಯ್ತು ಮೇಡಂ?"
"ಫೇಲು. ಆಟ ಜಾಸ್ತಿ."
"ನಾನು ಆವತ್ತೇ ಹೇಳಿದ್ನಲ್ಲ!"
ಪಕ್ಕದಲ್ಲಿ ಟೀಗೆ ಕಾಯುತ್ತಿದ್ದ ಮಹಡಿಯ ಹುಡುಗ
ನನ್ನ ಕೈಯಿಂದ ಲ್ಯಾಪ್‌ಟಾಪು ಇಸಿದುಕೊಂಡ,
ನಗಲಿಲ್ಲ.
"ಸಪ್ಲಿಮೆಂಟರಿ ಕಟ್ಟಿಸಿ ಮೇಡಂ" ಎಂದ,
"ಮುಂದಿನ ರೇಸು ಇನ್ನೂ ಇದೆ."